ಹಳೆಯ ಬಟ್ಟೆ, ಮನೆಯ ಕೌದಿ ಮತ್ತು ಔಷಧ ಹೊಡೆದ ಅಂಗಿ



ಬೀಜ, ಗೊಬ್ಬರ, ಹುಳುಗಳ ವಿಷಯ ಬರೆಯಬೇಕಾದವನು ಈ ಸಲ ಸೂಜಿ ದಾರ ಹಿಡಿದು ಕುಳಿತಿದ್ದಾನಲ್ಲ ಎಂದು ತಾವು ನಗಬಹುದು. ಕೃಷಿ ಡಿಪ್ಲೊಮಾದಲ್ಲಿ ನನಗೆ ಹೊಲಿಗೆ ಕಲಿಸಲಿಲ್ಲವೆಂಬುದು ನಿಜ. ಆದರೆ ಹಳ್ಳಿಯಿಂದ ಹಳ್ಳಿಗೆ ತಿರುಗುವವನು ಹೊಲವನ್ನು ನೋಡಿದಂತೆಯೇ ಮನೆಯ ಪಡಸಾಲೆಯನ್ನೂ ನೋಡುತ್ತಾನೆ. ಎರಡು ಸಂಗತಿಗಳು ನನ್ನ ಕಣ್ಣಿಗೆ ಬಿದ್ದಿವೆ. ಒಂದು, ಒಳ್ಳೆಯ ಹತ್ತಿ ಬಟ್ಟೆ ಹಳೆಯದಾಯಿತೆಂದು ಮನೆಯಿಂದ ಹೊರಗೆ ಹೋಗುತ್ತಿದೆ, ಅದೇ ಮನೆಯವರು ಹಣ ಕೊಟ್ಟು ಹೊದಿಕೆ ತರುತ್ತಿದ್ದಾರೆ. ಎರಡು, ಹೊರಗೆ ಹೋಗಲೇಬೇಕಾದ ಬಟ್ಟೆ, ಅಂದರೆ ಔಷಧ ಹೊಡೆಯುವಾಗ ತೊಟ್ಟ ಅಂಗಿ, ಕೌದಿಯ ಹೊಟ್ಟೆ ಸೇರಿ ಕೂಸಿನ ಮೈಗೆ ತಾಗುತ್ತಿದೆ. ಎರಡನೆಯದು ಜೀವಕ್ಕೆ ಸಂಬಂಧಪಟ್ಟ ಮಾತಾದುದರಿಂದ ಕೊನೆಯವರೆಗೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಹೊಲಿಯುವವರಿಗೆ ಓದಿ ಹೇಳಿದರೆ ಇನ್ನೂ ಒಳ್ಳೆಯದು.

ಕೌದಿ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಟ್ಟು ಸವೆದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಸೂಜಿಯಿಂದ ಒಂದು ಮಾಡಿದ ಹೊದಿಕೆಯೇ ಕೌದಿ. ಮಹಾರಾಷ್ಟ್ರದವರು ಇದನ್ನೇ ಗೋಧಡಿ ಎನ್ನುತ್ತಾರೆ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳಂತೂ ಹೊರದೇಶಗಳ ಪ್ರದರ್ಶನಗಳಲ್ಲಿ ಕೂಡ ಗೋಡೆಗೆ ತೂಗಿವೆ. ನಮ್ಮ ಹಳ್ಳಿಯಲ್ಲಿ ಅದು ಗೋಡೆಗಲ್ಲ, ಮೈಗೆ ಬೇಕಾದದ್ದು. ಪುಷ್ಯ ಮಾಸದಲ್ಲಿ ಬೀದರ, ವಿಜಯಪುರದ ಕಡೆಗೆ ರಾತ್ರಿಯ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಹಿಂಗಾರಿ ಜೋಳ ಕಾಯಲು ಹೊಲದಲ್ಲಿ ಮಲಗುವವರಿಗೆ ಕೌದಿಯ ಬೆಲೆ ಗೊತ್ತು.

ಈಗ ಆಗುತ್ತಿರುವುದೇನು? ಬೀದಿಯಲ್ಲಿ ಪಾತ್ರೆಯವರು ಬರುತ್ತಾರೆ. ನಾಲ್ಕೈದು ಸೀರೆ ಕೊಟ್ಟರೆ ಒಂದು ಸ್ಟೀಲಿನ ಡಬ್ಬಿ. ಅವರದೂ ಹೊಟ್ಟೆಯ ಪಾಡು, ತಪ್ಪಿಲ್ಲ. ಆದರೆ ಅವರ ಕೈ ಹತ್ತಿ ಸೀರೆಯನ್ನು ಬೇಗ ಗುರುತಿಸುತ್ತದೆ, ನಮ್ಮ ಕೈ ಗುರುತಿಸುವುದಿಲ್ಲ. ಒಂದು ಮನೆಯಲ್ಲಿ ಅತ್ತೆ ಸೊಸೆಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು: "ಸೀರಿ ಕೊಟ್ಟು ಪಾತ್ರಿ ತಗೊಂಡಿಯಲ್ಲವಾ, ಥಂಡ್ಯಾಗ ಪಾತ್ರಿ ಹೊಚಗೊಂಡು ಮಲಗೋಣೇನು?" ಸೊಸೆ ನಕ್ಕಳು, ಅತ್ತೆಯೂ ನಕ್ಕರು, ಮುಂದಿನ ಸಂತೆಯಲ್ಲಿ ಹೊದಿಕೆ ಕೊಳ್ಳುವ ಹಣ ಮಾತ್ರ ಮಗನ ಜೇಬಿನದು.

ಹತ್ತಿ ಬೆಳೆಯುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಕ್ವಿಂಟಲ್ ಹತ್ತಿಯನ್ನು ಜಿನ್ನಿಗೆ ಹಾಕಿದರೆ ಅರಳೆ ಸುಮಾರು 33ರಿಂದ 35 ಕಿಲೊ ಬರುತ್ತದೆ, ಉಳಿದದ್ದು ಹತ್ತಿಕಾಳು. ಐದೂವರೆ ಮೀಟರಿನ ಹತ್ತಿ ಸೀರೆ ಅಜಮಾಸು ಅರ್ಧ ಕಿಲೊ ತೂಗುತ್ತದೆ. ಐದು ಸೀರೆಯ ದೊಡ್ಡ ಕೌದಿಯೆಂದರೆ ಎರಡೂವರೆ ಕಿಲೊ ಬಟ್ಟೆ. ಗಿಡದಿಂದ ಬಿಡಿಸಿದ ಹತ್ತಿಯ ಲೆಕ್ಕದಲ್ಲಿ ಏಳೆಂಟು ಕಿಲೊ. ಬಿತ್ತಿ, ಕಳೆ ತೆಗೆದು, ಔಷಧ ಹೊಡೆದು, ಬೆನ್ನು ಬಾಗಿಸಿ ಬಿಡಿಸಿದ ಮಾಲು ಅದು. ಸವೆದಿದೆ ಎಂದ ಮಾತ್ರಕ್ಕೆ ಅದರ ಶಾಖ ಹೋಗಿರುವುದಿಲ್ಲ.

ಕೌದಿಯ ಶಾಖ ಬರುವುದು ಬಟ್ಟೆಯ ದಪ್ಪದಿಂದ ಮಾತ್ರವಲ್ಲ. ಪದರ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ, ಆ ನಿಂತ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಆದುದರಿಂದ ಒಂದು ದಪ್ಪ ಬಟ್ಟೆಗಿಂತ ಐದು ತೆಳು ಬಟ್ಟೆ ಮೇಲು. ಹಳೆಯ ಹತ್ತಿ ಬಟ್ಟೆ ಒಗೆದೊಗೆದು ಮೆತ್ತಗಾಗಿರುತ್ತದೆ, ಬೆವರನ್ನು ಹೀರುತ್ತದೆ. ಸಂತೆಯ ಅಗ್ಗದ ಹೊದಿಕೆಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್ ನೂಲಿನವು. ಅವು ಹಗುರ, ಬೇಗ ಒಣಗುತ್ತವೆ, ಅದನ್ನು ಒಪ್ಪುತ್ತೇನೆ. ಆದರೆ ಒಲೆಯ ಮುಂದೆ, ಹೊಲದ ಬೆಂಕಿಯ ಮುಂದೆ ಅವನ್ನು ಹೊದ್ದು ಕೂಡಬಾರದು. ಕಿಡಿ ಬಿದ್ದರೆ ಆ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಹೀಗಿರುವಲ್ಲಿ ಮೊದಲು ತಿಳಿಯಬೇಕಾದುದು ಯಾವುದು ಹತ್ತಿ, ಯಾವುದಲ್ಲ ಎಂಬುದು. ಅಂಚಿನಿಂದ ಬೆರಳುದ್ದದ ನಾಲ್ಕು ಎಳೆ ಕೀಳಿ. ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ಬೋಗುಣಿ ಇಟ್ಟು, ಮಕ್ಕಳನ್ನು ದೂರ ಕಳಿಸಿ, ಕಡ್ಡಿ ಗೀರಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಸುರುಟಿ ಕರಗಿ ಕಪ್ಪು ಹೊಗೆ ಬಿಟ್ಟು ಗಟ್ಟಿ ಮಣಿಯಂತಾಗುತ್ತದೆ. ಬೂದಿಯೂ ಗಂಟೂ ಎರಡೂ ಕಂಡರೆ ಅದು ಮಿಶ್ರ ನೂಲು. ಅಂಗಡಿಯವರು ಕಾಟನ್ ಎಂದು ಹೇಳಿ ಕೊಟ್ಟದ್ದೆಲ್ಲ ಕಾಟನ್ ಆಗಿರುವುದಿಲ್ಲ ಎಂಬುದು ಈ ಪರೀಕ್ಷೆಯಿಂದ ಅನೇಕರಿಗೆ ತಿಳಿದೀತು. ಪಾಲಿಯೆಸ್ಟರ್ ಸೀರೆಯನ್ನು ಪಾತ್ರೆಯವರಿಗೆ ಕೊಡಲು ನನ್ನ ಅಭ್ಯಂತರವಿಲ್ಲ. ಹತ್ತಿಯದನ್ನು ಕೊಡಬೇಡಿ.

ಆರಿಸಿದ ಬಟ್ಟೆಯನ್ನು ಸೋಪು, ಒಗೆಯುವ ಸೋಡಾ ಹಾಕಿ ಕುದಿಸಿ, ಗಂಜಿಯೆಲ್ಲ ಹೋಗುವಂತೆ ಒಗೆದು ಬಿಸಿಲಿಗೆ ಹಾಕತಕ್ಕದ್ದು. ಗಂಜಿ ಉಳಿದರೆ ಜಿರಲೆ ಮುಂತಾದ ಹುಳುಗಳು ಅದನ್ನು ತಿನ್ನಲು ಬರುತ್ತವೆ. ಬಣ್ಣ ಬಿಡುವ ಬಟ್ಟೆಯನ್ನು ತಿಳಿಯಲು ಒದ್ದೆ ಬಿಳಿ ಚಿಂದಿಯಿಂದ ಒರೆಸಿ ನೋಡಿ. ಗುಂಡಿ, ಹುಕ್ಕು, ಜರಿ ಬಿಚ್ಚಿಡಿ; ಗುಂಡಿಗಳು ಇನ್ನೊಂದು ಅಂಗಿಗಾದವು. ಆಮೇಲೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಗಟ್ಟಿಯಾಗಿ ನಿಂತರೆ ಅದು ಕೌದಿಯ ಹೊರಮೈಗೆ, ಪರ್ರೆಂದರೆ ಒಳಪದರಕ್ಕೆ. ಇಳಕಲ್ ಸೀರೆಯ ದಡಿ ಗಟ್ಟಿ ನೇಯ್ಗೆಯದು, ಮೈ ಸವೆದರೂ ದಡಿ ಸವೆದಿರುವುದಿಲ್ಲ. ಅದನ್ನು ಬಿಡಿಸಿ ಕೌದಿಯ ಸುತ್ತಂಚಿಗೆ ಇಟ್ಟುಕೊಳ್ಳಿ.

ಒಬ್ಬರು ಹೊದೆಯುವ ಕೌದಿಗೆ ಎರಡು ಸೀರೆ ಸಾಕು. ಐದೂವರೆ ಮೀಟರಿನ ಸೀರೆಯಲ್ಲಿ ಎರಡೆರಡು ಮೀಟರಿನ ಎರಡು ತುಂಡು ತೆಗೆದರೆ ಒಂದೂವರೆ ಮೀಟರು ಉಳಿಯುತ್ತದೆ. ಎರಡು ಸೀರೆಯಿಂದ ನಾಲ್ಕು ಪದರ ಆಯಿತು. ಉಳಿದ ಎರಡು ತುಂಡುಗಳನ್ನು ಕತ್ತರಿಸಿ ತೇಪೆ ಮಾಡಿದರೆ ಐದನೆಯ ಪದರವಾಯಿತು. ಅಂಗಿ, ಲಂಗ, ಕುಪ್ಪಸದ ಬಣ್ಣದ ಚೂರುಗಳನ್ನು ಜೊತೆಗೆ ಸೇರಿಸಿದರೆ ನೋಟ ಚೆಂದ. ಹೆಚ್ಚು ಶಾಖ ಬೇಕಾದವರು ನಡುವೆ ಹಳೆಯ ಧೋತರ ಇಡಬಹುದು. ಇಬ್ಬರು ಮೂವರು ಮಕ್ಕಳು ಒಟ್ಟಿಗೆ ಮಲಗುವ ಕೌದಿಗೆ ಇದರ ಎರಡರಷ್ಟು ಬಟ್ಟೆ ಬೇಕು, ಆಗ ತುಂಡುಗಳನ್ನು ಅಗಲಕ್ಕೆ ಜೋಡಿಸಿ ಹೊಲಿಯಬೇಕು. ಕೂಸಿನ ಕೆಳಗೆ ಹಾಸಲು ಒಂದೇ ಸೀರೆ ಸಾಕಾಗುತ್ತದೆ. ಆರು ತುಂಡು ಮಾಡಿದರೆ ಒಂದೊಂದು 90 ಸೆಂಟಿಮೀಟರ್ ಮೇಲಾಗುತ್ತದೆ. ನಾಲ್ಕು ಪದರಕ್ಕೆ, ಎರಡು ತೇಪೆಗೆ. ಒಂದು ವರ್ಷದೊಳಗಿನ ಕೂಸಿಗೆ ಭಾರದ ಕೌದಿ ಹೊದಿಸುವುದು ಬೇಡ, ಮುಖದ ಮೇಲೆ ಸರಿದರೆ ಉಸಿರು ಕಟ್ಟೀತು. ಅದರ ಕೌದಿ ಹಾಸಲಿಕ್ಕೇ ಇರಲಿ.

ಹೊಲಿಯುವ ಕ್ರಮವನ್ನು ನಾನು ಹಿರಿಯರ ಬಳಿ ಕುಳಿತು ನೋಡಿದ್ದೇನೆ. ಎಲ್ಲಕ್ಕಿಂತ ಗಟ್ಟಿ ತುಂಡನ್ನು ನೆಲದ ಮೇಲೆ ಬಿಚ್ಚಿ ಹಾಸುತ್ತಾರೆ. ಅದರ ಮೇಲೆ ಉಳಿದ ಮೂರನ್ನು ಸುಕ್ಕಿಲ್ಲದಂತೆ ಹರವಿ, ನಾಲ್ಕು ಮೂಲೆಗೆ ತೂಕ ಇಡುತ್ತಾರೆ. ಇಬ್ಬರು ಎದುರು ಬದುರು ಕುಳಿತು ಎಳೆದು ಹಿಡಿದರೆ ಒಳ್ಳೆಯದು. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಒಂದಕ್ಕೊಂದು ಕಟ್ಟಬೇಕು, ಇಲ್ಲದಿದ್ದರೆ ನಡುವಿನವು ಜಾರುತ್ತವೆ. ಆಮೇಲೆ ಅಂಚನ್ನು ಒಳಗೆ ಮಡಿಸಿ ದಡಿ ಕೂಡಿಸಿ, ಒಂದು ಮೂಲೆಯಿಂದ ಆರಂಭಿಸಿ ಸುತ್ತಲೂ ತೇಪೆ ಇಡುತ್ತ, ಹೊಲಿಯುತ್ತ ನಡುವಿನ ಕಡೆಗೆ ಬರುವುದು. ತೇಪೆಯ ಅಂಚನ್ನು ಕಿರುಬೆರಳಿನಗಲ ಒಳಗೆ ಮಡಿಸಿಯೇ ಹೊಲಿಯಬೇಕು, ಇಲ್ಲವಾದರೆ ಎರಡು ಒಗೆತಕ್ಕೆ ಎಳೆ ಬಿಡುತ್ತದೆ. ತೇಪೆಗಳನ್ನು ಮೊದಲೇ ಜೋಡಿಸಿಟ್ಟು ಹೊಲಿಯದೆ ಹೋಗುತ್ತ ಹೋಗುತ್ತ ಇಡುವುದರಲ್ಲಿ ಜಾಣತನವುಂಟು. ಬಟ್ಟೆ ಅಲ್ಲಿ ಇಲ್ಲಿ ಸ್ವಲ್ಪ ಎಳೆದುಕೊಂಡರೂ ನಡುವಿನ ತೇಪೆಗಳನ್ನು ಅದಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಲು ಬರುತ್ತದೆ, ಸುಕ್ಕು ಉಳಿಯುವುದಿಲ್ಲ.

ಹೊಲಿಗೆ ಸಾದಾ ಹೊಲಿಗೆಯೇ, ಸೂಜಿ ಮೇಲೆ ಕೆಳಗೆ ಹಾಯುವುದು. ಒಂದೊಂದು ಹೊಲಿಗೆ ಅಕ್ಕಿಕಾಳಿನಷ್ಟಿರಲಿ. ಸಾಲಿನಿಂದ ಸಾಲಿಗೆ ಹೆಬ್ಬೆರಳಿನಗಲ ಅಂತರವಿರಲಿ. ತೀರ ಒತ್ತಾಗಿ ಹೊಲಿದರೆ ಗಾಳಿ ನಿಲ್ಲಲು ಎಡೆಯಿಲ್ಲದೆ ಕೌದಿ ಹಲಗೆಯಂತಾಗುತ್ತದೆ. ತೀರ ದೂರವಾದರೆ ಒಗೆಯುವಾಗ ಒಳಗಿನ ಚಿಂದಿ ಮುದ್ದೆಯಾಗಿ ಒಂದು ಕಡೆ ಸೇರುತ್ತದೆ. ದಾರದ ವಿಷಯದಲ್ಲಿ ಒಂದು ಎಚ್ಚರಿಕೆ. ಗಟ್ಟಿ ಎಂದು ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ಹಾಕುವವರಿದ್ದಾರೆ. ಹಳೆಯ ಬಟ್ಟೆಗಿಂತ ದಾರವೇ ಬಲವಾದರೆ ಎಳೆದಾಗ ದಾರ ಹರಿಯದೆ ಬಟ್ಟೆಯೇ ಸೀಳುತ್ತದೆ. ಹತ್ತಿಯ ದಪ್ಪ ದಾರವೇ ಸರಿ. ಒಂದು ಮಾರಿಗಿಂತ ಉದ್ದ ದಾರ ತೆಗೆದುಕೊಳ್ಳಬೇಡಿ, ಸಿಕ್ಕಾಗುತ್ತದೆ. ಗಂಟನ್ನು ಪದರಗಳ ನಡುವೆ ಅಡಗಿಸಿದರೆ ಮೈಗೆ ಒತ್ತುವುದಿಲ್ಲ.

ಸಿದ್ದಿ ಹೆಣ್ಣುಮಕ್ಕಳು ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ಚಿಕ್ಕ ಹೂಗಳನ್ನು ಕೂಡಿಸುತ್ತಾರೆ. ಅವಕ್ಕೆ ಫೂಲ ಎಂದು ಹೆಸರು. ಅವಿಲ್ಲದ ಕೌದಿ ಬೆತ್ತಲೆ ಎಂದು ಅವರು ತಿಳಿಯುತ್ತಾರೆ. ಕೌದಿಗೆ ಬರಿ ಹೊಟ್ಟೆ ಇರಬಾರದೆಂದು ಕೊನೆಯ ತೇಪೆ ಮುಚ್ಚುವ ಮೊದಲು ನಾಲ್ಕು ಅಕ್ಕಿಕಾಳು ಇಡುವ ಪದ್ಧತಿಯೂ ಉಂಟು. ಧಾನ್ಯ ಸಂಗ್ರಹದ ಪಾಠ ಹೇಳುವವನು ನಾನು, ಆದರೂ ನಾಲ್ಕು ಕಾಳಿಗೆ ನುಸಿ ಬಂದೀತೆಂದು ಯಾರನ್ನೂ ತಡೆಯಲಾರೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹತ್ತಿ, ತೊಗರಿ, ಮೆಣಸಿನಕಾಯಿಗೆ ಔಷಧ ಹೊಡೆಯುವವರ ಅಂಗಿ ಸಾಮಾನ್ಯವಾಗಿ ಹಳೆಯದೇ ಇರುತ್ತದೆ. ಹಂಗಾಮು ಮುಗಿದ ಮೇಲೆ ಅದು ಇನ್ನೂ ಹಳೆಯದಾಗಿ ಚಿಂದಿಯ ಗಂಟಿಗೆ ಹೋಗುತ್ತದೆ. ಬೇಸಗೆಯಲ್ಲಿ ಹೊಲಿಯುವವರು ಗಂಟು ಬಿಚ್ಚಿದಾಗ ಯಾವ ಅಂಗಿ ಯಾವುದೆಂದು ಅವರಿಗೆ ಹೇಗೆ ತಿಳಿಯಬೇಕು? ಹೊರಮೈಗೆ ಬಾರದ ಬಟ್ಟೆ ಎಂದು ಅದನ್ನು ಒಳಪದರಕ್ಕೆ ಇಡುತ್ತಾರೆ. ಒಳಪದರದಲ್ಲಿದ್ದರೆ ತಾಗುವುದಿಲ್ಲವೆಂಬುದು ತಪ್ಪು. ಕೂಸು ಕೌದಿಯ ಮೇಲೆ ಉಚ್ಚೆ ಹೊಯ್ಯುತ್ತದೆ, ಬೆವರುತ್ತದೆ, ಬಾಯಲ್ಲಿಟ್ಟು ಚೀಪುತ್ತದೆ. ಒದ್ದೆಯಾದ ಬಟ್ಟೆಯಲ್ಲಿ ವಿಷ ಪದರದಿಂದ ಪದರಕ್ಕೆ ಇಳಿಯಬಲ್ಲುದು, ಏರಬಲ್ಲುದು. ಅನೇಕ ಕೀಟನಾಶಕಗಳು ಚರ್ಮದ ಮೂಲಕವೇ ಮೈ ಸೇರುತ್ತವೆ. ದೊಡ್ಡವರಿಗೆ ತಲೆನೋವು ತರುವಷ್ಟು ವಿಷ ಐದು ಕಿಲೊ ತೂಕದ ಕೂಸಿಗೆ ಎಷ್ಟಾದೀತೆಂದು ತಾವೇ ಯೋಚಿಸಿ.

ಆದುದರಿಂದ ಔಷಧ ಹೊಡೆಯಲು ಒಂದು ಜೊತೆ ಬಟ್ಟೆಯನ್ನು ಬೇರೆಯಾಗಿಯೇ ಇಡಿ. ತೋಳಿಗೆ ಕೆಂಪು ದಾರದ ಗುರುತು ಹೊಲಿಯಿರಿ. ಓದು ಬಾರದವರಿಗೂ ತಿಳಿಯುತ್ತದೆ. ಹೊಡೆದ ದಿನವೇ ಒಗೆಯಿರಿ, ಮನೆಯ ಬಟ್ಟೆಗಳ ಜೊತೆ ನೆನೆಹಾಕಬೇಡಿ. ಬಕೆಟ್ಟು ಬೇರೆ, ಒಗೆಯುವವರ ಕೈಗೆ ರಬ್ಬರಿನ ಗ್ಲೌಸು. ಬಿಸಿನೀರು, ಸೋಪಿನ ಪುಡಿ ಹಾಕಿ ಎರಡು ಸಲ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಆ ನೀರನ್ನು ಬಾವಿಯ ಬಳಿ, ಹಳ್ಳಕ್ಕೆ, ದನ ಕುಡಿಯುವ ತೊಟ್ಟಿಯ ಪಕ್ಕ ಚೆಲ್ಲಬಾರದು. ಹೀಗೆ ಒಗೆದ ಬಟ್ಟೆಯನ್ನು ಮತ್ತೆ ಔಷಧ ಹೊಡೆಯಲಿಕ್ಕೆ ಮಾತ್ರ ಬಳಸಬಹುದು. ಕೌದಿಗೂ, ಪಾತ್ರೆ ಒರೆಸಲೂ, ಹಾಲು ಸೋಸಲೂ, ಬೀಜದ ಚೀಲಕ್ಕೂ ಎಂದಿಗೂ ಬೇಡ.

ನೀರು ಬೆರೆಸದ ಔಷಧವೇ ಡಬ್ಬಿಯಿಂದ ಬಟ್ಟೆಯ ಮೇಲೆ ಚೆಲ್ಲಿದ್ದರೆ ಒಗೆದು ಉಳಿಸುವ ಆಸೆ ಬಿಡಿ. ಕೂಡಲೇ ಬಿಚ್ಚಿ, ಮೈಗೆ ಸೋಪು ಹಚ್ಚಿ ತೊಳೆದುಕೊಳ್ಳಿ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ, ದನಕರುಗಳಿಗೆ ಸಿಗದಂತಿಟ್ಟು, ಖಾಲಿ ಡಬ್ಬಿಯ ವಿಲೇವಾರಿಗೆ ಲೇಬಲ್ಲಿನಲ್ಲಿ ಹೇಳಿರುವ ಕ್ರಮವನ್ನೇ ಇದಕ್ಕೂ ಅನುಸರಿಸಿ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡುವ ಅಭ್ಯಾಸವಿರಲಿ: ಕೆಂಪು ಎಲ್ಲಕ್ಕಿಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದರೆ ಕುಡಿಯುವ ನೀರಲ್ಲ, ಅದೂ ವಿಷವೇ. ಚಿಂದಿಯ ಗಂಟಿನಲ್ಲಿ ಗುರುತು ಹತ್ತದ ಅಂಗಿ ಸಿಕ್ಕರೆ ಹೊಲಿಯುವವರು ಮನೆಯ ಗಂಡಸರನ್ನು ಕೇಳಬೇಕು, ಗಂಡಸರು ನಿಜ ಹೇಳಬೇಕು.

ಸೀರೆಯ ಇನ್ನೊಂದು ಉಪಯೋಗವನ್ನೂ ತಿಳಿಸದೆ ಬಿಡಲಾರೆ. ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ 1999ರಿಂದ 2002ರವರೆಗೆ ಒಂದು ಪ್ರಯೋಗ ನಡೆಯಿತು. ಕೆರೆ, ಹೊಳೆಯ ನೀರನ್ನು ಹಳೆಯ ಹತ್ತಿ ಸೀರೆಯ ಹಲವು ಮಡಿಕೆಗಳ ಮೂಲಕ ಸೋಸಿ ಬಳಸಿದ ಮನೆಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು, ಲೆಕ್ಕದ ಪ್ರಕಾರ ನೂರಕ್ಕೆ 48ರಷ್ಟು. ಕಾಲರಾದ ಜೀವಾಣು ನೀರಿನಲ್ಲಿನ ಸಣ್ಣ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದೆ. ಆ ಜೀವಿಗಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಇಲ್ಲಿ ಹಳೆಯ ಬಟ್ಟೆಯೇ ಹೊಸದಕ್ಕಿಂತ ಮೇಲು, ಏಕೆಂದರೆ ಒಗೆದೊಗೆದು ಎಳೆಗಳು ಉಬ್ಬಿ ರಂಧ್ರ ಕಿರಿದಾಗಿರುತ್ತದೆ. ನಮ್ಮ ನಾಡಿನಲ್ಲಿಯೂ ನಾರುಹುಣ್ಣಿನ ಕಾಲದಲ್ಲಿ ನೀರು ಸೋಸಿ ಕುಡಿಯಿರೆಂದು ಊರೂರಿಗೆ ಹೇಳಿದ್ದು ಹಿರಿಯರಿಗೆ ನೆನಪಿದ್ದೀತು. ಆ ರೋಗ 1996ರಲ್ಲಿ ದೇಶದಲ್ಲಿ ಕೊನೆಯದಾಗಿ ಕಂಡು, 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಪ್ರವಾಹ ಬಂದು ನಲ್ಲಿ ನಿಂತಾಗ ಸೀರೆಯನ್ನು ನಾಲ್ಕು ಪದರಕ್ಕೆ ಕಡಿಮೆಯಿಲ್ಲದಂತೆ ಮಡಿಸಿ ಸೋಸಿರಿ. ಆದರೆ ಸೋಸಿದ ಮೇಲೂ ಕುದಿಸಲೇಬೇಕು. ಬಟ್ಟೆಯಿಂದ ಎಲ್ಲ ರೋಗಾಣು ನಿಲ್ಲುವುದಿಲ್ಲ. ಸೋಸಿದ ಬಟ್ಟೆಯನ್ನು ತಿರುವಿ ತೊಳೆದು ಬಿಸಿಲಿಗೆ ಹಾಕಿ.

ಉಳಿದ ಚಿಲ್ಲರೆ ಉಪಯೋಗಗಳು ತಮಗೆ ತಿಳಿದವೇ. ನಡುವೆ ಸವೆದ ಚಾದರವನ್ನು ಉದ್ದಕ್ಕೆ ಸೀಳಿ, ಗಟ್ಟಿಯಿರುವ ಎರಡು ಅಂಚುಗಳನ್ನು ನಡುವಿಗೆ ತಂದು ಜೋಡಿಸಿದರೆ ಇನ್ನೆರಡು ವರ್ಷ ಬಾಳುತ್ತದೆ. ಅಪ್ಪನ ಅಂಗಿಯ ಬೆನ್ನಿನ ಭಾಗ ಹೆಚ್ಚು ಸವೆದಿರುವುದಿಲ್ಲ, ಮಗನಿಗೆ ಒಂದು ಬನಿಯನ್ ಆಗುತ್ತದೆ. ಧೋತರದ ಚೀಲದಲ್ಲಿ ಒಣಗಿದ ಬೀಜಕ್ಕೆ ಗಾಳಿಯಾಡುತ್ತದೆ. ಹಂದಿ ಬಾರದಂತೆ ಹೊಲದ ಸುತ್ತ ಸೀರೆ ಕಟ್ಟುವುದನ್ನು ಎಲ್ಲ ಕಡೆ ನೋಡುತ್ತೇನೆ. ಹಂದಿ ಕೆಲವು ರಾತ್ರಿ ಅನುಮಾನಿಸಿ ಆಮೇಲೆ ರೂಢಿಯಾಗಿ ನುಗ್ಗುತ್ತದೆ. ಕಟ್ಟುವುದಾದರೆ ಪಾಲಿಯೆಸ್ಟರ್ ಸೀರೆ ಕಟ್ಟಿ, ಅದು ಚಿಂದಿಯಾಗಿ ಮಣ್ಣು ಸೇರುವ ಮೊದಲು ಬಿಚ್ಚಿ ತನ್ನಿ. ಕೌದಿಯಾಗುವ ಹತ್ತಿಯನ್ನು ಹಂದಿಗೆ ಒಪ್ಪಿಸಬೇಡಿ.

ಕೌದಿಯನ್ನು ಕಾಪಾಡುವುದು ಸುಲಭ. ವಾರಕ್ಕೊಮ್ಮೆ ಎರಡೂ ಮಗ್ಗುಲಿಗೆ ಬಿಸಿಲು ಕಾಣಿಸಿ, ಹೊಲಿಗೆಯ ಸಂದಿಗಳಲ್ಲಿ ತಗಣಿ ಇದೆಯೇ ಎಂದು ನೋಡಿ. ನೆನೆದ ಕೌದಿ ಬಲು ಭಾರ, ಇಬ್ಬರು ಹಿಂಡಬೇಕು. ಆದುದರಿಂದ ಇಡೀ ದಿನ ಬಿಸಿಲಿರುವ ಬೇಸಗೆಯಲ್ಲಿ ಒಗೆಯುವುದು ವಾಸಿ. ಮೋಡದ ದಿನ ಒಗೆದರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ನಿಂತು ಮುಗ್ಗು ಹಿಡಿಯುತ್ತದೆ. ಮನೆಯಲ್ಲಿ ಯಾರಿಗಾದರೂ ಕಜ್ಜಿ ಆಗಿದ್ದರೆ ಅವರ ಕೌದಿಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಅದು ಸಾಧ್ಯವಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ಒಂದು ವಾರ ಯಾರೂ ಮುಟ್ಟದಂತೆ ಇಡಿ. ಕಜ್ಜಿಯ ಹುಳು ಮನುಷ್ಯರ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕಲಾರದು. ಆ ವಾರದಲ್ಲಿ ಮನೆಯವರೆಲ್ಲರೂ ಒಂದೇ ಸಲಕ್ಕೆ ಆಸ್ಪತ್ರೆಯ ಔಷಧ ಹಚ್ಚಿಕೊಳ್ಳತಕ್ಕದ್ದು. ಒಬ್ಬರು ಬಿಟ್ಟರೂ ಕಜ್ಜಿ ಮತ್ತೆ ಕೌದಿಗೆ ಬರುತ್ತದೆ.